ತಾಯಿ ಮರಣ ಪರಿಶೀಲನಾ ಸಮಿತಿ ಸದಸ್ಯರ ಗಮನಕ್ಕೆ

ಕೇಸ್ ಶೀಟ್, ತಾಯಿ ಕಾರ್ಡ್, ಮನೆಯವರ ಹೇಳಿಕೆಯ ನಮೂನೆ, ಯಾವುದರ ಫೋಟೋವನ್ನೂ ಈ ಗುಂಪಿಗೆ ಹಾಕಬೇಡಿ. ತಾನೇ ಅಳಿಸಿಹೋಗುವ ಮೆಸೇಜ್ ಆದರೂ ಬೇಡ. ಗ್ಯಾಲರಿಗೆ ಇಳಿದ ಪ್ರತಿ ಅಲ್ಲೇ ಉಳಿಯುತ್ತದೆ. ಇಲ್ಲಿ ಸಭೆಯ ದಿನ, ಸಮಯ, ಕೇಸ್ ಸಂಖ್ಯೆ ಇಷ್ಟೇ ಸಾಕು.

ಬೇರೆಡೆ ಕೇಸಿನ ವಿವರ ಬರೆಯುವಾಗಲೂ ಹೆಸರು ತೆಗೆದರೆ ಮುಗಿಯಿತು ಎಂದುಕೊಳ್ಳಬೇಡಿ. ಊರು, ವಯಸ್ಸು, ಸಾವಿನ ದಿನ ಮೂರೂ ಒಂದೇ ಸಾಲಿನಲ್ಲಿದ್ದರೆ ತಾಲ್ಲೂಕಿನಲ್ಲಿ ಯಾರಿಗಾದರೂ ಗುರುತು ಸಿಗುತ್ತದೆ. 'ಅವಳಿ ಹೆರಿಗೆ' ಎಂಬ ಒಂದು ಪದವೇ ಸಾಕಾಗುವುದೂ ಉಂಟು. ಊರಿನ ಬದಲು ತಾಲ್ಲೂಕು, ದಿನಾಂಕದ ಬದಲು 'ಹೆರಿಗೆಯಾದ 9ನೇ ದಿನ' ಎಂದು ಬರೆಯಿರಿ. ಸಾವು 42 ದಿನದೊಳಗಿನದೇ (ಹೆರಿಗೆಯ ನಂತರದ ಸಾವು ತಾಯಿ ಮರಣವೆಂದು ಲೆಕ್ಕಕ್ಕೆ ಬರುವ ಅವಧಿ) ಎಂಬುದು ಅದರಿಂದಲೇ ತಿಳಿಯುತ್ತದೆ. ಫೈಲಿನ ಹೆಸರನ್ನೂ ನೋಡಿ. ಅಲ್ಲಿಂದಲೂ ಗುರುತು ಸೋರುತ್ತದೆ. ಫೋನಿನ ಹೈಲೈಟರ್‌ನಿಂದ ಮಸಿ ಬಳಿದರೆ ಬ್ರೈಟ್‌ನೆಸ್ ಏರಿಸಿದಾಗ ಅಕ್ಷರ ಕಾಣಬಹುದು.

ವೈದ್ಯರು, ನರ್ಸ್‌ಗಳ ಹೆಸರಿಗೂ ಇದೇ ನಿಯಮ. ಪರಿಶೀಲನೆ ಇರುವುದು ರಕ್ತ ಸಿಗಲು, ಆಂಬುಲೆನ್ಸ್ ಬರಲು ಎಲ್ಲಿ ತಡವಾಯಿತೆಂದು ತಿಳಿಯಲು, ಶಿಕ್ಷೆಗಲ್ಲ. ಹೆಸರು ಹೊರಬಿದ್ದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ, ಕೇಸ್ ಶೀಟ್ ತಿದ್ದುವ ಚಾಳಿಯೂ ಶುರುವಾಗುತ್ತದೆ.

ಪತ್ರಕರ್ತರು ಕೇಳಿದರೆ ನೋಡಲ್ ಅಧಿಕಾರಿಯತ್ತ ಕಳಿಸಿ. 'ಹೌದು', 'ಇಲ್ಲ' ಕೂಡ ಬೇಡ.