ಎರಡು ಪುಟ ಕೂಡಿದರೆ 17

ಚಿ. ಮಗಳಿಗೆ, ಬೆಟಗೇರಿಯಿಂದ ಅವ್ವನ ಆಶೀರ್ವಾದ.

ನಿನ್ನ ಡಿಸೈನುಗಳನ್ನೆಲ್ಲ ಒಟ್ಟುಮಾಡಿ ಕಳಿಸಿದ ಪೋರ್ಟ್‌ಫೋಲಿಯೋ ಫೋನಿನಲ್ಲಿ ನೋಡಿದೆ. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಕಣ್ಣು ಸೋತವು. ಕೊನೆಗೆ ನಿಮ್ಮಪ್ಪ ಝೆರಾಕ್ಸ್ ಅಂಗಡಿಗೆ ಹೋಗಿ 22 ಪುಟಾನೂ ಕಲರ್ ಪ್ರಿಂಟ್ ತೆಗೆಸಿಕೊಂಡು ಬಂದರು. ರೊಕ್ಕ ಜಾಸ್ತಿ ಆಯ್ತು ಅಂತ ಗೊಣಗಿದರು. ಆದರೆ ಬರುವ ದಾರಿಯಲ್ಲೇ ಆಜೂಬಾಜೂದವರಿಗೆಲ್ಲ ತೋರಿಸಿದ್ದಾರೆ, ಒಂದು ಹಾಳೆಗೆ ಚಹಾದ ಕಲೆ ಬೇರೆ.

ಫೋನಿನಲ್ಲಿ ಹೇಳಿದರೆ ನೀನು "ಹೂಂ ಅವ್ವ, ಹೂಂ ಅವ್ವ" ಅಂತ ಮುಗಿಸಿಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಗದಗಕ್ಕೆ ಮುದ್ರಣ ಕಾಶಿ ಅಂತಾರೆ. ಆ ಕಾಶಿಯಲ್ಲಿ ನನ್ನ ಪಾಲಿಗೆ ಬಂದದ್ದು ಹಾಳೆ ಮಡಚುವ ಕೆಲಸ. ಪ್ರೆಸ್ಸಿನಿಂದ ಫಾರಂಗಳು, ಅಂದರೆ ಪುಸ್ತಕದ ಪುಟಗಳು ಅಚ್ಚಾದ ದೊಡ್ಡ ಹಾಳೆಗಳು, ಮನೆಗೆ ಬರುತ್ತಿದ್ದವು. ಒಂದು ಫಾರಂಗೆ 16 ಪುಟ, ಮೂರು ಮಡಿಕೆ. ಪಡಸಾಲೆಯಲ್ಲಿ ನಾನು ಮಡಚುತ್ತಿದ್ದರೆ ನೀನು ಎದುರಿಗೆ ಕೂತು ಬಿಚ್ಚುತ್ತಿದ್ದೆ. ಬೈದರೆ ಅಳು. ಒಂದು ದಿನ ಕೆಟ್ಟ ಹಾಳೆಯೊಂದನ್ನು ಬಿಚ್ಚಿಕೊಟ್ಟು, ಪಕ್ಕಪಕ್ಕದ ಪುಟದ ನಂಬರು ಕೂಡಿಸು ಅಂದೆ. 1ರ ಪಕ್ಕ 16. 4ರ ಪಕ್ಕ 13. 8ರ ಪಕ್ಕ 9. ಎಲ್ಲಿ ಕೂಡಿದರೂ 17. ಅವತ್ತು ಇಡೀ ಮಧ್ಯಾಹ್ನ ನೀನು ಸುಮ್ನೆ ಕೂತಿದ್ದೆ. ಮರುದಿನ ಎರಡನೆಯ ಫಾರಂ ಕೊಟ್ಟರೆ 17ರ ಪಕ್ಕ 32 ನೋಡಿ, "ಅವ್ವಾ, ಇದು ತಪ್ಪೈತಿ" ಅಂತ ಓಣಿಗೆ ಕೇಳುವ ಹಾಗೆ ಕೂಗಿದೆ.

ನಿನ್ನ ಕೆಲಸಕ್ಕೆ ಬರುತ್ತೇನೆ. ಹುಬ್ಬಳ್ಳಿಯ ದುರ್ಗದಬೈಲಿನ ಹಳೇ ಬೋರ್ಡುಗಳ ಅಕ್ಷರ ನೋಡಿ ನೀನೇ ಬರೆದ ಅಕ್ಷರಮಾಲೆ ಇದೆಯಲ್ಲ, ಯಾರೂ ಹೇಳದೆ ಮಾಡಿದ್ದು, ಅದೇ ನನಗೆ ಎಲ್ಲಕ್ಕಿಂತ ಚಂದ ಅನ್ನಿಸಿತು. ತಲಕಟ್ಟಿನ ಕೊನೆಯಲ್ಲಿ ಪೇಂಟರ್ ಬ್ರಷ್ ಎತ್ತುವಾಗ ಒಂದು ಸಣ್ಣ ಬಾಲ ಉಳಿಯುತ್ತದೆ. ಅದನ್ನು ನೀನು ಒರೆಸಿಹಾಕಿಲ್ಲ. ಫ್ಲೆಕ್ಸ್ ಬಂದ ಮೇಲೆ ಅಂಥ ಬಾಲ ನೋಡುವುದೇ ಅಪರೂಪ.

ಕಾಲೇಜಿಗಾಗಿ ಮಾಡಿದ ಮಕ್ಕಳ ಪುಸ್ತಕದಲ್ಲಿ ಎರಡು ತಕರಾರು ಇವೆ. ಒಂದು ಸಾಲಿನಲ್ಲಿ "ಬುಟ್ಟಿ" ಇದೆ, ಅದರ ಕೆಳಗೇ "ಕಿಟಕಿ". ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗಿ ಎರಡೂ ಕಲಸಿಹೋಗಿವೆ. 10 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 12 ಪಾಯಿಂಟ್ ಅಂತರ ಅಂತ ಸಾಫ್ಟ್‌ವೇರೇ ಇಟ್ಟುಬಿಡುತ್ತದೆ ಅಂದಿದ್ದೆ ನೀನು. ಅದು ಇಂಗ್ಲಿಷಿಗೆ ಸಾಕಾಗಬಹುದು. ನಮ್ಮ ಅಕ್ಷರ ಪಕ್ಕದಲ್ಲಷ್ಟೇ ಕೂರುವುದಿಲ್ಲ, ಒಂದರ ಕಾಲಡಿ ಇನ್ನೊಂದು ಕೂರುತ್ತದೆ. ಜಾಗ ಜಾಸ್ತಿ ಬಿಡಬೇಕು ತಾಯಿ. ಅದೂ ಈಗಷ್ಟೇ ಓದಲು ಕಲಿಯುವ ಕೂಸಿಗೆ. ಇನ್ನೊಂದು, ಎರಡು ಪುಟಕ್ಕೆ ಹಬ್ಬಿದ ಚಿತ್ರದಲ್ಲಿ ಅಜ್ಜಿಯ ಮುಖ ಸರೀ ನಡುವೆ ಬಂದಿದೆ. ಸ್ಕ್ರೀನಿನಲ್ಲಿ ಚಂದ ಕಾಣುತ್ತದೆ. ಅಂಟು ಬೈಂಡಿಂಗ್ ಆದರೆ ಅಜ್ಜಿಯ ಮೂಗು ಸಂದಿಯೊಳಗೆ ಹೋಗುತ್ತದೆ. ಅಜ್ಜಿಯನ್ನು ಸ್ವಲ್ಪ ಬಲಕ್ಕೆ ಸರಿಸು.

ಜೋಳದ ರೊಟ್ಟಿ ಪ್ಯಾಕೆಟ್ಟು ಚೆನ್ನಾಗಿದೆ. ಏನೂ ಹೇಳುವುದಿಲ್ಲ.

ಇನ್ನು ಸೋದರಮಾವನ ಮಗಳ ಲಗ್ನಪತ್ರಿಕೆ. ಪುಸ್ತಕ, ಪ್ಯಾಕೆಟ್ಟು, ಪೋಸ್ಟರು, ಎಲ್ಲಾ ಹಾಕಿದ್ದೀಯ. ಅದೊಂದು ಎಲ್ಲಿ? ನಿನ್ನ ಡಿಸೈನ್ ಮೊದಲ ಸಲ ಅಚ್ಚಾಗಿದ್ದು ಅದರಲ್ಲೇ ಅಲ್ವಾ?

ಯಾಕೆ ಬಿಟ್ಟೆ ಅಂತ ಗೊತ್ತು. 300 ಜಿಎಸ್‌ಎಂ ದಪ್ಪ ಹಾಳೆ, ಅಂಚಿನಿಂದ ಅಂಚಿಗೆ ಕುಂಕುಮದ ಬಣ್ಣ. ಅಚ್ಚಾಗಿ ಬಂದಾಗ ಎಷ್ಟು ಚಂದ ಇತ್ತು. ಮಡಚಿದ ಕೂಡಲೇ ಮಡಿಕೆ ಉದ್ದಕ್ಕೂ ಬಣ್ಣ ಒಡೆದು ಬಿಳಿ ಗೆರೆ ಎದ್ದಿತು. ಒಂದಲ್ಲ, 400 ಪತ್ರಿಕೆಗೂ. ಬಟ್ಟೆಗೆ ಹಾಸು ಹೊಕ್ಕು ಇರುವ ಹಾಗೆ ಕಾಗದಕ್ಕೂ ಎಳೆ ಇದೆ. ಎಳೆಯ ಜೊತೆ ಹರಿದರೆ ನೆಟ್ಟಗೆ ಹರಿಯುತ್ತದೆ, ಅಡ್ಡ ಹರಿದರೆ ಹಲ್ಲುಹಲ್ಲಾಗಿ. ಅವತ್ತು ಮಡಿಕೆ ಎಳೆಗೆ ಅಡ್ಡ ಬಿದ್ದಿತ್ತು, ಮೇಲಾಗಿ ಕ್ರೀಸಿಂಗ್ ಹೊಡೆಸಿರಲಿಲ್ಲ. ದಪ್ಪ ಹಾಳೆಗೆ ಮೊದಲು ಗೆರೆ ಒತ್ತಿಸಿ ಆಮೇಲೆ ಮಡಚಬೇಕು.

ರಾತ್ರಿ ಮನೆಮಂದಿಯೆಲ್ಲ ಕೂತು ಸ್ಕೆಚ್ ಪೆನ್ನಿನಿಂದ ಆ ಬಿಳಿ ಗೆರೆ ತುಂಬಿದೆವು. ನಿಮ್ಮಪ್ಪ ತುಂಬಿದ್ದು ಗೆರೆ ದಾಟಿ ಗಣಪತಿಯ ಕಿವಿಗೆ ಹೋಗಿತ್ತು. ನೀನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇಷ್ಟು ದಿನ ಹೇಳದ ಒಂದು ಮಾತಿದೆ. ಅಚ್ಚಿಗೆ ಕೊಡುವ ಮೊದಲು ನೀನು ಆ ಹಾಳೆಯ ತುಂಡು ತಂದು ನನ್ನ ಕೈಗೆ ಕೊಟ್ಟಿದ್ದೆ, "ಹೆಂಗೈತಿ ಅವ್ವಾ" ಅಂತ. ಬಗ್ಗಿಸಿ ನೋಡಿದಾಗಲೇ ನನಗೆ ಗೊತ್ತಾಗಿತ್ತು, ಇದು ಒಡೆಯುತ್ತದೆ ಅಂತ. ಮಗಳು ಕಂಪ್ಯೂಟರಿನಲ್ಲಿ ಕಲಿತವಳು, ಏನೋ ಲೆಕ್ಕ ಇರಬೇಕು ಅಂದುಕೊಂಡು ಸುಮ್ಮನಾದೆ. ಎಷ್ಟು ಸಾವಿರ ಫಾರಂ ಮಡಚಿದ ಕೈ ಇದು, ಆದರೂ ಬಾಯಿ ಬರಲಿಲ್ಲ. ಹಾಗಾಗಿ ಆ ಬಿಳಿ ಗೆರೆಯಲ್ಲಿ ಅರ್ಧ ನನ್ನದು.

ಟ್ರಂಕಿನಲ್ಲಿ ಎರಡು ಪತ್ರಿಕೆ ಇಟ್ಟಿದ್ದೇನೆ. ಒಂದು ಪೆನ್ನು ತುಂಬಿದ್ದು, ಒಂದು ಒಡೆದದ್ದು. ಎರಡರದ್ದೂ ಫೋಟೋ ಹೊಡೆದು ನಾಳೆ ಕಳಿಸುತ್ತೇನೆ. ಪೋರ್ಟ್‌ಫೋಲಿಯೋದಲ್ಲಿ ಹಾಕು. ಯಾಕೆ ಒಡೆಯಿತು ಅಂತ ಕೆಳಗೆ ಎರಡು ಸಾಲು ಬರೆ. ಕೆಲಸ ಕೊಡುವವರು ಕಂಪ್ಯೂಟರಿನಲ್ಲೇ ಹುಟ್ಟಿದ ಮಾಕಪ್ ಚಿತ್ರಗಳನ್ನು ಬೇಕಾದಷ್ಟು ನೋಡಿರುತ್ತಾರೆ. ಒಡೆದ ಲಗ್ನಪತ್ರಿಕೆ ಯಾರು ತೋರಿಸಿದ್ದಾರೆ?

ಇನ್ನೊಂದು. ಇಂಟರ್‌ವ್ಯೂಗೆ ಫೋನ್ ಹಿಡಿದುಕೊಂಡು ಹೋಗಬೇಡ, ಈ ಪೋರ್ಟ್‌ಫೋಲಿಯೋನೇ ಪುಸ್ತಕ ಮಾಡಿ ಒಯ್ಯಿ. ಹಾಳೆ ಪ್ರಿಂಟ್ ಮಾಡಿಸಿ ಬಸ್ಸಿಗೆ ಹಾಕು, ನಾನು ಮಡಚಿ ನಡುವೆ ದಾರ ಹೊಲಿದು ಕೊಡುತ್ತೇನೆ. ಪಿನ್ ಬೇಡ, ತುಕ್ಕು ಹಿಡಿಯುತ್ತದೆ. ಪುಟದ ನಂಬರು ಅಂಚಿಗೆ ಹತ್ತಿರ ಇಡಬೇಡ, ಕಟಿಂಗ್‌ನಲ್ಲಿ ಹೋಗುತ್ತದೆ. ಒಂದು ಹಾಳೆ ನಡುವೆ ಮಡಚಿದರೆ ನಾಲ್ಕು ಪುಟ, ಹಾಗಾಗಿ 22 ಪುಟ ಮಡಿಕೆಗೆ ಕೂಡುವುದಿಲ್ಲ, 24 ಮಾಡು. ಲಗ್ನಪತ್ರಿಕೆಗೆ ಎರಡು ಪುಟ ಸಿಕ್ಕಿತಲ್ಲ. ಕಳಿಸುವ ಮೊದಲು ಪಕ್ಕಪಕ್ಕದ ಪುಟ ಕೂಡಿಸಿ ನೋಡು. ಈ ಸಲ 25 ಬರಬೇಕು.

ನಿನ್ನ ಅವ್ವ