ಅಮ್ಮನ ಜೊತೆ ಬರುವ ಬಿಸ್ಕತ್ ಡಬ್ಬಿ

ಮುಲುಂಡ್, ಮುಂಬಯಿ

ಪ್ರೀತಿಯ ತಮ್ಮಾ,

ಬರುವ ಭಾನುವಾರದ ಮತ್ಸ್ಯಗಂಧಕ್ಕೆ ಅಮ್ಮ ಹೊರಡುತ್ತಾಳೆ. ಕುಂದಾಪುರ ಸ್ಟೇಷನ್ನಿಗೆ ನೀನೇ ಬಾ, ರಿಕ್ಷಾದವನನ್ನು ಕಳಿಸಬೇಡ. ಅವಳ ಕೈಯಲ್ಲಿ ಒಂದು ಬಿಸ್ಕತ್ ಡಬ್ಬಿ ಇರುತ್ತದೆ. ಒಳಗಿರುವುದು ಬಿಸ್ಕತ್ ಅಲ್ಲ, ಮಾತ್ರೆ. ಫೋನಿನಲ್ಲಿ ಹೇಳೋಣ ಅಂದರೆ ಪಕ್ಕದಲ್ಲೇ ಕೂತು "ನನ್ನ ಚಾಡಿ ಶುರುವಾಯ್ತು" ಅನ್ನುತ್ತಾಳೆ. ಅದಕ್ಕೇ ಈ ಕಾಗದ.

ಹೋದ ತಿಂಗಳು ನಡೆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಬಿಪಿ ಮಾತ್ರೆ ಮುಗಿಯುತ್ತಾ ಬಂದಿತ್ತು. ಮೆಡಿಕಲ್‌ನವನು ಬೇರೆ ಕಂಪನಿಯದ್ದು ಕೊಟ್ಟ. ಹೆಸರು ಬೇರೆ, ಬಣ್ಣವೂ ಬೇರೆ. ಹಳೆಯದರಲ್ಲಿ ಇನ್ನೂ ಆರು ಉಳಿದಿತ್ತು. ದುಡ್ಡು ಕೊಟ್ಟದ್ದು ಹಾಳಾಗಬಾರದಲ್ಲ! ಮೂರು ದಿನ ಎರಡನ್ನೂ ನುಂಗಿದ್ದಾಳೆ. ನಾಲ್ಕನೇ ದಿನ ಹಾಸಿಗೆಯಿಂದ ಎದ್ದವಳು ತಲೆ ತಿರುಗಿ ಗೋಡೆ ಹಿಡಿದು ನಿಂತಳು. ಬಿಪಿ ನೋಡಿದರೆ 92/58. ಎರಡೂ ಸ್ಟ್ರಿಪ್ ತಿರುಗಿಸಿ ಕನ್ನಡಕ ಹಾಕಿ ಓದಿದೆ. ಕಂಪನಿ ಇಟ್ಟ ದೊಡ್ಡ ಹೆಸರಿನ ಹತ್ತಿರ, ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡರ ಮೇಲೂ ಒಂದೇ ಇತ್ತು: ಟೆಲ್ಮಿಸಾರ್ಟನ್ 40. ನೀನು ಅಂಗಡಿಗೆ ಹೋದಾಗ ಆ ಸಣ್ಣ ಹೆಸರನ್ನೇ ಓದು. ಜನೌಷಧಿಯಿಂದ ತಂದರೂ ಅಷ್ಟೇ. ಹಳೆಯದು ಖಾಲಿಯಾಗುವ ತನಕ ಹೊಸದನ್ನು ಅವಳ ಕೈಗೆ ಕೊಡಬೇಡ.

ಇನ್ನೊಂದು ಕೇಳು. ಇಲ್ಲಿ ಕವರ್ ಮೇಲೆ ಮರಾಠಿಯಲ್ಲಿ 'ಸಕಾಳಿ' ಅಂತ ಗೀಚಿ ಕೊಡುತ್ತಾರೆ, ಬೆಳಿಗ್ಗೆ ಅಂತ. ಅಮ್ಮನ ಕಿವಿಗೆ ಅದು 'ಸಕಾಲ' ಆಗಿದೆ. "ಸರಿಯಾದ ಹೊತ್ತು ಅಂತ ತಾನೇ? ನನಗೆ ಸರಿ ಅನ್ನಿಸಿದಾಗ ತಗೊಂಡೆ" ಅಂದಳು. ಥೈರಾಯ್ಡ್ ಮಾತ್ರೆಯನ್ನು ಮಧ್ಯಾಹ್ನ ಊಟದ ಮೇಲೆ, ಕ್ಯಾಲ್ಸಿಯಂ ಜೊತೆಗೆ! ಅದು ಎದ್ದ ಕೂಡಲೇ, ಬರೀ ನೀರಿನಲ್ಲಿ. ಕಾಫಿಗೆ ಕಡಿಮೆ ಅಂದರೂ ಅರ್ಧ ಗಂಟೆ ತಡ. ಕ್ಯಾಲ್ಸಿಯಂ ಬೇಕಾದರೆ ನಾಲ್ಕು ಗಂಟೆ ಬಿಟ್ಟು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ಈಗ ಎಲ್ಲದರ ಮೇಲೂ ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿದ್ದೇನೆ. ಪುಟ್ಟಿಗೆ ಹೇಳು, ದಿನಾ ಅಜ್ಜಿಗೆ ಓದಿ ಹೇಳಲಿ. ಮೊಮ್ಮಗಳ ಮಾತಾದರೆ ಕೇಳುತ್ತಾಳೆ.

ಸಕ್ಕರೆ ಕಾಯಿಲೆಯ ಎರಡು ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಅನ್ನೋದು ಸ್ವಲ್ಪ ಮೊಂಡು. ತಿಂಡಿ ತಿಂದರೂ, ತಿನ್ನದಿದ್ದರೂ ಅದು ಶುಗರ್ ಇಳಿಸುತ್ತದೆ. ಅಮ್ಮನಿಗೋ ಏಕಾದಶಿ ಬಿಡಲಾಗದು. ನಾನು ಜಗಳಾಡಿ ಸೋತೆ. ಉಪವಾಸದ ದಿನ ಏನು ಬಿಡಬೇಕು, ಏನು ತಗೊಳ್ಳಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದ್ದೇನೆ. ಬೆವರಿ, ಕೈ ನಡುಗಿದರೆ ತಕ್ಷಣ ಸಕ್ಕರೆ ನೀರು ಕೊಡು. ಏಕಾದಶಿ ಅಂತ ನೋಡಬೇಡ.

ಮಾತ್ರೆ ಮರೆತರೆ ಮರುದಿನ ಎರಡೆರಡು ಬೇಡ. ಮಂಡಿ ನೋವಿಗೆ ಅಂಗಡಿಯವನನ್ನು ಕೇಳಿ ಗುಳಿಗೆ ತರುವುದೂ ಬೇಡ. ನೋವಿನ ಗುಳಿಗೆ ಕೆಲವು ಬಿಪಿ ಏರಿಸುತ್ತವೆ, ಕಿಡ್ನಿಗೂ ತೊಂದರೆ. ಮಳೆಗಾಲದಲ್ಲಿ ಮಾತ್ರೆಗಳನ್ನು ಮೊದಲೇ ಬಿಡಿಸಿ ಇಡಬೇಡ, ನಮ್ಮೂರಿನ ತೇವಕ್ಕೆ ಮೆತ್ತಗಾಗುತ್ತವೆ. ಡಬ್ಬಿ ಒಲೆ ಹತ್ತಿರವೂ ಬೇಡ. ಅರ್ಧ ಸ್ಟ್ರಿಪ್ ಕೊಂಡರೆ ಎಕ್ಸ್‌ಪೈರಿ ಇರುವ ತುದಿಯನ್ನೇ ಕೇಳಿ ತಗೋ.

ಅವಳ ಕೈಚೀಲದಲ್ಲಿ ನಾಲ್ಕು ಗ್ಲೂಕೋಸ್ ಪೊಟ್ಟಣ ಇಟ್ಟಿದ್ದೇನೆ. ಶುಗರ್ ಇಳಿದರೆ ಅಂತ. ಚೀಲದ ತಳದಲ್ಲಿ ಪೇಪರ್ ಸುತ್ತಿದ ಇನ್ನೊಂದು ಪೊಟ್ಟಣ ಸಿಕ್ಕಿದರೆ ಅದು ನಾನಿಟ್ಟದ್ದಲ್ಲ. ಅದು ಮಾಹಿಮ್ ಹಲ್ವ. ಸ್ಟೇಷನ್ನಿನಲ್ಲೇ ನಿನ್ನ ಜೇಬಿಗೆ ಹಾಕಿಕೋ.

ನಿನ್ನ,
ಅಕ್ಕ