ಅಮ್ಮನಿಗೆ, ಸ್ಟಾಕ್‌ಹೋಮ್‌ನಿಂದ

ಶನಿವಾರ ರಾತ್ರಿ

ಅಮ್ಮನಿಗೆ ನಮಸ್ಕಾರಗಳು. ನಾನು ಆರಾಮಾಗಿದ್ದೇನೆ. ದೊಡ್ಡಪ್ಪ, ಸುಬ್ಬತ್ತೆ ಎಲ್ಲರಿಗೂ ನಮಸ್ಕಾರ ತಿಳಿಸು.

ನಿನ್ನ ಕಾಗದದ ಫೋಟೋ ತೆಗೆದು ರಘು ನಿನ್ನೆ ಕಳಿಸಿದ. ಅಪ್ಪನಿಗೆ ಎದೆನೋವು, ಮನೆಯಲ್ಲಿ ಹೀಗಿರುವಾಗ ಇವಳಿಗೆ ಟೂರ್ ಬೇಕಿತ್ತಾ ಅಂತ ನೀನು ಬರೆದಿಲ್ಲ, ಆದರೂ ನನಗೆ ಕೇಳಿಸಿತು. ಟಿಕೆಟ್ ಬೇಸಿಗೆಯಲ್ಲೇ ತೆಗೆದಿದ್ದಮ್ಮ, ಬೇಡ ಅಂದಿದ್ದರೆ ಒಂದು ಪೈಸೆ ವಾಪಸ್ ಬರುತ್ತಿರಲಿಲ್ಲ. ಜೊತೆಗೆ ಆಫೀಸಿನ ಗೆಳತಿ ಇದ್ದಾಳೆ. ನಾಳೆ ಸಂಜೆಗೆ ಮ್ಯೂನಿಕ್‌ಗೆ ವಾಪಸ್.

ಮುಂದಿನದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು. ಈ ಊರಿನ ನಡುಮಧ್ಯೆ ಹೊಟೊರ್ಯೆಟ್ ಅಂತ ಒಂದು ಚೌಕ. ಅಲ್ಲಿ ಭಾನುವಾರ ಬಿಟ್ಟು ದಿನಾ ಹಣ್ಣು, ತರಕಾರಿ, ಹೂವಿನ ಸಂತೆ. ವ್ಯಾಪಾರಿಗಳು ನಮ್ಮ ತಿಪಟೂರಿನವರ ಹಾಗೇ ಕೂಗಿ ಕರೆಯುತ್ತಾರೆ. ಚೌಕಕ್ಕೆ ಅಂಟಿಕೊಂಡೇ ಒಂದು ದೊಡ್ಡ ನೀಲಿ ಕಟ್ಟಡ, ಕನ್ಸರ್ಟ್ ಹೌಸ್. 1930ರ ಡಿಸೆಂಬರ್ 10ರಂದು ಸಿ.ವಿ. ರಾಮನ್ ನೊಬೆಲ್ ತೆಗೆದುಕೊಂಡಿದ್ದು ಅದರೊಳಗೇ! ಪ್ರತಿ ಫೆಬ್ರವರಿ 28ಕ್ಕೆ, ವಿಜ್ಞಾನ ದಿನದಂದು, ಅಪ್ಪ ಶಾಲೆಯಲ್ಲಿ ಹೇಳುತ್ತಿದ್ದರಲ್ಲ, ಆ ಜಾಗ. ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆ. ಮುಂದೆ ಕಂಚಿನ ವಿಗ್ರಹಗಳ ಕಾರಂಜಿ ಇದೆ. ಅದನ್ನು ಇಟ್ಟಿದ್ದು 1936ರಲ್ಲಿ, ರಾಮನ್ ಬಂದಾಗ ಇರಲಿಲ್ಲ. ಅಪ್ಪ ಖಂಡಿತ ಕೇಳುತ್ತಾರೆ, ಅದಕ್ಕೇ ಬರೆದೆ. ಎದುರಿಗೆ ಹಳದಿ ಕಾಡು ಅಣಬೆ, ಕೆಂಪು ಲಿಂಗನ್ ಹಣ್ಣು ರಾಶಿ ಹಾಕಿದ್ದರು. ಮಾರುವುದು ತೂಕದಲ್ಲಲ್ಲ, ಲೀಟರ್ ಲೆಕ್ಕದಲ್ಲಿ. ಸೇರಿನಲ್ಲಿ ಪುರಿ ಅಳೆದ ಹಾಗೆ ಅಳೆದು ಚೀಲಕ್ಕೆ ಸುರಿಯುತ್ತಾರೆ. ದುಡ್ಡು ಮಾತ್ರ ಕಾರ್ಡಿನಲ್ಲಿ ಕೊಡಬೇಕು. ಎಷ್ಟೋ ಅಂಗಡಿಯಲ್ಲಿ ನೋಟು ಮುಟ್ಟುವುದೇ ಇಲ್ಲ.

ಊಟದ ಚಿಂತೆ ಬಿಡು. ಚೌಕದ ಕೆಳಗೆ ನೆಲಮಾಳಿಗೆಯಲ್ಲೇ ತಿಂಡಿ ಅಂಗಡಿಗಳ ಸಾಲು, ಅಲ್ಲಿ ಫಲಾಫೆಲ್ ತಿಂದೆವು. ಕಡಲೆಯ ವಡೆ ಅದು, ಅಪ್ಪಟ ಸಸ್ಯಾಹಾರ. ಸಂಜೆ ಸೊಡರ್ಮಾಲ್ಮ್ ಅನ್ನುವ ಎತ್ತರದ ಕಡೆಗೆ ಹೋದರೆ ಹರ್ಮನ್ಸ್ ಅಂತ ಪೂರ್ತಿ ಸಸ್ಯಾಹಾರಿ ಹೋಟೆಲ್. ಎಷ್ಟು ಬೇಕೋ ಬಡಿಸಿಕೊಳ್ಳಬಹುದು, ಕೂತಲ್ಲಿಂದಲೇ ಕೆಳಗೆ ನೀರು, ಹಡಗು ಎಲ್ಲ ಕಾಣುತ್ತೆ. ಇಲ್ಲಿಯ ಜನ ಕೆಲಸ ಬಿಟ್ಟು ಕಾಫಿ ಕುಡಿಯಲು ಕೂರುವುದಕ್ಕೆ ಫಿಕಾ ಅನ್ನುತ್ತಾರೆ. ಜೊತೆಗೆ ಏಲಕ್ಕಿ ಬನ್ನು. ಕುಟ್ಟಿದ ಏಲಕ್ಕಿ ಹಲ್ಲಿಗೆ ಸಿಗುವಷ್ಟು ಧಾರಾಳವಾಗಿ ಹಾಕುತ್ತಾರೆ. ನಿನಗೆ ಇಷ್ಟವಾಗುತ್ತಿತ್ತು.

ಖರ್ಚು ಜಾಸ್ತಿ ಮಾಡಿಲ್ಲ. ಎನ್‌ಕೆ ಅಂತ 100 ವರ್ಷ ದಾಟಿದ ದೊಡ್ಡ ಮಳಿಗೆ ಇದೆ, ಸುಮ್ನೆ ಸುತ್ತಿ ಬಂದೆವು. ಚಳಿಗಾಲದ ಕೋಟು ತೆಗೆದುಕೊಂಡಿದ್ದು ಸೊಡರ್ಮಾಲ್ಮ್‌ನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ. ಯಾರೋ ಹಾಕಿದ್ದು ಅಂತ ಮುಖ ಸಿಂಡರಿಸಬೇಡ, ಇಲ್ಲಿ ಉಳ್ಳವರೂ ಅಲ್ಲೇ ಕೊಳ್ಳುತ್ತಾರೆ. ಉಣ್ಣೆ ಒಳ್ಳೆಯದಿದೆ, ಒಂದು ಗುಂಡಿಯೂ ಕಿತ್ತಿಲ್ಲ. ಅಪ್ಪನಿಗೆ ಉಣ್ಣೆ ಕಾಲುಚೀಲ ತಗೊಂಡೆ. ರಘು ಮಗಳಿಗೆ ಕೆಂಪು ಮರದ ಕುದುರೆ.

ಮಧ್ಯಾಹ್ನ ದೋಣಿಯಲ್ಲಿ ಯೂರ್ಗೊರ್ಡನ್ ದ್ವೀಪಕ್ಕೆ ಹೋದೆವು. ಮೆಟ್ರೋ ಟಿಕೆಟ್ಟೇ ಸಾಕು, 75 ನಿಮಿಷ ನಡೆಯುತ್ತೆ. 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿ, 333 ವರ್ಷ ನೀರಿನಡಿ ಇದ್ದ ವಾಸಾ ಹಡಗನ್ನು ಎತ್ತಿ ಅಲ್ಲಿ ನಿಲ್ಲಿಸಿದ್ದಾರೆ. ನೋಡಿ ಬಂದು ಓಕ್ ಮರಗಳ ಕೆಳಗೆ ಒಂದು ನಿದ್ದೆ ತೆಗೆದೆ. ಎಷ್ಟೋ ದಿನದ ಮೇಲೆ ಸರಿಯಾಗಿ ನಿದ್ದೆ ಬಂತಮ್ಮ.

ಆಮೇಲೆ ಹಳೇ ಪೇಟೆ ಗಾಮ್ಲಾ ಸ್ತಾನ್. ಅಲ್ಲೊಂದು ಓಣಿ, ಕಿರಿದಾದ ಕಡೆ ಬರೀ 90 ಸೆಂಟಿಮೀಟರ್. ಪೂರ್ತಿ ಮೆಟ್ಟಿಲು, 36. ಹತ್ತುತ್ತಾ ಅರ್ಧಕ್ಕೆ ನಿಂತುಬಿಟ್ಟೆ. ದೇವಸ್ಥಾನದ ಮೆಟ್ಟಿಲು ಹತ್ತುವಾಗ ಅಪ್ಪ ಎದೆ ಹಿಡಿದು ಕೂತರು ಅಂತ ಬರೆದಿದ್ದೀಯಲ್ಲ. ಎದೆಯುರಿ ಅಂದುಕೊಂಡು ಜೀರಿಗೆ ಕಷಾಯ ಕುಡಿದರೆ ಆಗುತ್ತಾ? ನಡೆದಾಗ ಬಂದು ಕೂತರೆ ಹೋಗುವ ನೋವು ಹೊಟ್ಟೆಯದಲ್ಲಮ್ಮ. ಡಾಕ್ಟರ್ ಆಂಜಿಯೋಗ್ರಾಂ ಅಂದಿದ್ದಾರೆ, ಮಾಡಿಸಿ. ಅದಕ್ಕೆ ಎದೆ ಕೊಯ್ಯುವುದಿಲ್ಲ. ಮಣಿಕಟ್ಟಿನಿಂದಲೋ ತೊಡೆಯಿಂದಲೋ ಸಣ್ಣ ನಳಿಗೆ ಬಿಟ್ಟು ನೋಡುತ್ತಾರೆ, ಅಷ್ಟೆ. ಏನೂ ಆಗಲ್ಲ. ನಿಜವಾಗಿ ಏನೂ ಆಗಲ್ಲ. ಸ್ಟೆಂಟ್ ಬೇಕು ಅಂದರೂ ಹೆದರಬೇಡ, ಜಯದೇವದಲ್ಲಿ ದಿನಾ ಎಷ್ಟು ಜನರಿಗೆ ಹಾಕುತ್ತಾರೆ.

ಎಫ್‌ಡಿ ಪುಟ್ಟಿ ಮದುವೆಗೆ ಇಟ್ಟಿದ್ದು, ಮುರಿಯಲ್ಲ ಅಂತ ಅಪ್ಪ ಹಟ ಹಿಡಿದಿದ್ದಾರಂತೆ. ಆ ಮಾತು ಓದಿ ನನಗೆ ಎಷ್ಟು ಸಂಕಟವಾಯಿತು ಗೊತ್ತಾ? ಅಪ್ಪ ಧಾರೆ ಎರೆಯದ ಮದುವೆ ನನಗೆ ಯಾಕೆ? ಹುಡುಗನ ಮನೆಯವರಿಗೆ ಸಂಕ್ರಾಂತಿ ಕಳೆಯಲಿ ಅಂತ ಹೇಳಿಬಿಡು. ಎಫ್‌ಡಿ ಮುಟ್ಟುವುದೂ ಬೇಡ. ಇವತ್ತು ಬೆಳಿಗ್ಗೆಯೇ ರಘು ಅಕೌಂಟಿಗೆ 2 ಲಕ್ಷ ಹಾಕಿದ್ದೇನೆ. ಸಾಲದಿದ್ದರೆ ಇನ್ನೂ ಹಾಕುತ್ತೇನೆ. ನನ್ನ ಹತ್ತಿರ ಇದೆ, ನಾನು ಸುಳ್ಳು ಹೇಳುತ್ತಿಲ್ಲ. ಇಲ್ಲಿ ನನಗೆ ಒಂದು ಕೊರತೆಯೂ ಇಲ್ಲ. ನಾನು ಬರುವವರೆಗೂ ಕಾಯಬೇಡಿ. ಡಾಕ್ಟರ್ ಯಾವ ದಿನ ಕೊಡುತ್ತಾರೋ ಅವತ್ತೇ ಆಗಲಿ, ಆಮೇಲೆ ರಜ ಹಾಕಿ ನಾನೇ ಬರುತ್ತೇನೆ.

ಗೆಳತಿ ಲೈಟ್ ಆರಿಸು ಅನ್ನುತ್ತಿದ್ದಾಳೆ, ಮುಗಿಸುತ್ತೇನೆ. ಸೋಮವಾರ ಬೆಳಿಗ್ಗೆ ರಘು ರಜ ಹಾಕಲಿ. ಹಳೇ ಇಸಿಜಿ, ಶುಗರ್ ರಿಪೋರ್ಟು, ಮಾತ್ರೆ ಚೀಟಿ ಮರೆಯದೆ ತಗೊಂಡು ಹೋಗಿ. ಅಲ್ಲಿಯವರೆಗೆ ಅಪ್ಪ ಮೆಟ್ಟಿಲು ಹತ್ತುವುದು, ನೀರು ಸೇದುವುದು ಬೇಡ. ಮತ್ತೆ ನೋವು ಬಂದರೆ ಸೋಮವಾರದ ತನಕ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ, ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ.

ನಿನ್ನ
ಪುಟ್ಟಿ